ಕಮಲ ದೊಡ್ಡಮ್ಮನ ಒತ್ತುಮಣೆ

ಆ ಕಾಲದಲ್ಲಿ ನಮ್ಮ ಕಡೆ ಬೇಸಿಗೆ ಬಂತೆಂದು ಮೊದಲು ಹೇಳುತ್ತಿದ್ದದ್ದು ಮೂಗು. ಶಾಲೆಗೆ ರಜೆ ಸಿಕ್ಕಿ, ಗುಡ್ಡೆಯಲ್ಲಿ ಗೇರುಹಣ್ಣು ಮುಗಿಯುತ್ತಾ ಬರುವಾಗ, ವಾಮದಪದವಿನ ನಮ್ಮ ವಠಾರದ ಯಾವುದಾದರೂ ಒಂದು ಮನೆಯಿಂದ ಹಲಸಿನ ಸೊಳೆ ಬೇಯುವ ಹಬೆ ಹೊರಡುತ್ತಿತ್ತು. ಅದರ ಹಿಂದೆಯೇ ಒರಳಿನಲ್ಲಿ ಒನಕೆ ಬೀಳುವ ಸದ್ದು. ಆ ವಾಸನೆ, ಆ ಸದ್ದು ಎರಡೂ ಸೇರಿದರೆ ಸಾಕು, ನಾವು ಮಕ್ಕಳು ಆಟ ಬಿಟ್ಟು ಓಡುವುದೇ. ಹಲಸಿನ ಹಪ್ಪಳದ ಹಿಟ್ಟನ್ನು ಹಸಿಯಾಗಿಯೇ, ಬಿಸಿ ಇರುವಾಗಲೇ, ತೆಂಗಿನೆಣ್ಣೆ ಮುಟ್ಟಿಸಿ ಕದ್ದು ತಿಂದವರು ನಿಮ್ಮಲ್ಲಿ ಇದ್ದರೆ ನಾನು ಹೇಳುವುದು ತಿಳಿಯುತ್ತದೆ. ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಈ ವರ್ಷ ನನ್ನ ಬಾಯಿ ಕಟ್ಟಲಿಕ್ಕೆ ಯಾರಿಂದಲೂ ಆಗುವುದಿಲ್ಲ, ಅಷ್ಟು ಸಂತೋಷ ನನಗೆ. ಯಾಕೆಂದು ಮುಂದೆ ಬರುತ್ತದೆ.

ಹಪ್ಪಳ ಒಬ್ಬಳಿಂದ ಆಗುವ ಕೆಲಸ ಅಲ್ಲ. ಬಲಿತ ಹಲಸಿನಕಾಯಿ ಕೊರೆಯಬೇಕು, ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ತೆಗೆಯಬೇಕು, ಸೊಳೆ ಬಿಡಿಸಿ ಬೇಯಿಸಬೇಕು. ಬೆಂದದ್ದನ್ನು ಬಿಸಿ ಬಿಸಿಯಾಗಿಯೇ ಒರಳಿಗೆ ಹಾಕಿ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಗುದ್ದಬೇಕು. ಹಿಟ್ಟು ತಣಿಯಿತೋ ಕೆಟ್ಟಿತು. ಒತ್ತುವಾಗ ಅಂಚು ಒಡೆಯುತ್ತದೆ, ಒಣಗಿದ ಮೇಲೆ ಸುತ್ತ ಬಾಯಿ ಬಿಡುತ್ತದೆ. ಅದಕ್ಕೇ ವಠಾರದ ಹೆಂಗಸರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಿದ್ದರು. ಇವತ್ತು ನೀನು ನನ್ನ ಮನೆಯಲ್ಲಿ ಒತ್ತಿದರೆ ನಾಳೆ ನಾನು ನಿನ್ನ ಮನೆಯಲ್ಲಿ ಒತ್ತುತ್ತೇನೆ. ಕೂಲಿ ಇಲ್ಲ, ಲೆಕ್ಕ ಇಲ್ಲ, ಕೈಗೆ ಕೈ. ಮಧ್ಯಾಹ್ನ ಆ ಮನೆಯಲ್ಲೇ ಗಂಜಿ, ಮಾವಿನಕಾಯಿ ಚಟ್ನಿ, ಹಲಸಿನ ಬೇಳೆಯ ಪಲ್ಯ. ಇದಕ್ಕೆ ನಾವು ಸರದಿ ಎನ್ನುತ್ತಿದ್ದೆವು. ಸರದಿಯಲ್ಲಿ ಇದ್ದವಳು ವಠಾರದಲ್ಲಿ ಇದ್ದ ಹಾಗೆ.

ಒತ್ತುವುದೆಂದರೆ ಆಗ ಹೀಗೆ: ಎಣ್ಣೆ ಸವರಿದ ಎರಡು ಬಾಳೆಲೆ ತುಂಡುಗಳ ನಡುವೆ ಹಿಟ್ಟಿನ ಉಂಡೆ ಇಟ್ಟು, ಮೇಲೆ ದುಂಡಗಿನ ಮರದ ಹಲಗೆ ಇಟ್ಟು, ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿ ತಿರುಗಿಸುವುದು. ಸಂಜೆಯ ಹೊತ್ತಿಗೆ ಹೆಂಗಸರ ಭುಜ ಬಿದ್ದುಹೋಗುತ್ತಿತ್ತು. ಈ ಕೆಲಸದಲ್ಲಿ ನಮ್ಮ ಕಮಲ ದೊಡ್ಡಮ್ಮನನ್ನು ಮೀರಿಸುವವರು ಇರಲಿಲ್ಲ. ಅವರು ನನ್ನ ಅಮ್ಮನ ಅಕ್ಕ. ಗಂಡ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದರು. ಎತ್ತರದ ಆಳು, ಗಟ್ಟಿ ಧ್ವನಿ, ನಾಲಿಗೆ ಇನ್ನೂ ಗಟ್ಟಿ. ಒತ್ತಿದ ಹಪ್ಪಳವನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣಬೇಕು. ಕಾಣದಿದ್ದರೆ ಅದು ಹಪ್ಪಳ ಅಲ್ಲ, ರೊಟ್ಟಿ. ಇದು ದೊಡ್ಡಮ್ಮನ ಕಾನೂನು.

ಒಂದು ಮಳೆಗಾಲದಲ್ಲಿ ದೊಡ್ಡಮ್ಮ ತೋಡು ದಾಟಲು ಹಾಕಿದ್ದ ಮರದ ಸಂಕದಿಂದ ಜಾರಿ ಬಿದ್ದು ಬಲಗೈಯ ಮಣಿಗಂಟು ಮುರಿದುಕೊಂಡರು. ಎಲುಬೇನೋ ಕೂಡಿತು, ಆದರೆ ಕೈ ಮೊದಲಿನ ಹಾಗೆ ಬಗ್ಗಲಿಲ್ಲ, ಭಾರ ತಡೆಯಲಿಲ್ಲ. ನಾನು ಹೇಳುವುದು ಅದರ ಮರುಬೇಸಿಗೆಯ ಕಥೆ.

ಮೊದಲ ಸರದಿ ನಮ್ಮ ನೆರೆಯ ಲಿಲ್ಲಿಬಾಯಿಯ ಮನೆಯಲ್ಲಿ. ದೊಡ್ಡಮ್ಮ ಎಂದಿನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒತ್ತುವವರ ಸಾಲಿಗೆ ಹೋದರು. ಆಗ ಅಪ್ಪಿಯಕ್ಕ ಬಾಯಿ ತೆರೆದರು. ಅಪ್ಪಿಯಕ್ಕ ನಮ್ಮ ಕೆಳಗಿನ ಮನೆಯವರು, ಸರದಿಯ ಯಜಮಾನ್ತಿ ಎಂದು ತಮಗೆ ತಾವೇ ಹೆಸರಿಟ್ಟುಕೊಂಡವರು.

“ಕಮಲಕ್ಕ, ನಿಮಗೆ ಕೈ ಆಗುವುದಿಲ್ಲ ಅಲ್ವಾ? ನೀವು ಮಕ್ಕಳೊಟ್ಟಿಗೆ ಅಂಗಳದಲ್ಲಿ ಕೂತ್ಕೊಳ್ಳಿ. ಕಾಗೆ ನೋಡಿದ್ರೆ ಸಾಕು.”

ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಆದರೆ ಕಾಗೆ ಓಡಿಸುವುದು ನಮ್ಮ ಕೆಲಸ, ಏಳೆಂಟು ವರ್ಷದ ಮಕ್ಕಳ ಕೆಲಸ. ದೊಡ್ಡಮ್ಮ ಕೋಲು ತೆಗೆದುಕೊಂಡು ಹಪ್ಪಳ ಹರಡಿದ ಚಾಪೆಯ ಬದಿಯಲ್ಲಿ ಕೂತರು. ನಮಗೆ ಕಾಗೆಗಿಂತ ದೊಡ್ಡಮ್ಮನ ಹೆದರಿಕೆಯೇ ಹೆಚ್ಚಾಯಿತು.

ನಾನು ಮತ್ತು ನನ್ನ ತಮ್ಮ ವಾಸು ಮೆಲ್ಲನೆ ಹಿಂದಿನ ಬಾಗಿಲಿನಿಂದ ಹೋಗಿ ಒಂದು ಉಂಡೆ ಹಿಟ್ಟು ಹಾರಿಸಿ ತಂದೆವು. ಬಾಳೆಲೆ ತುಂಡಿನಲ್ಲಿ ಮಡಚಿ ತಂದದ್ದು. ತಿನ್ನುವ ಮೊದಲು ಒಂದು ಆಟ ಆಡುವ ಎಂದ ವಾಸು. ಬಾವಿಯ ಹತ್ತಿರ ಒಂದು ಉದ್ದ ಹಲಗೆ ಬಿದ್ದಿತ್ತು. ಅದನ್ನು ಒಂದು ಕಲ್ಲಿನ ಮೇಲೆ ಅಡ್ಡ ಇಟ್ಟು ಈಚೆ ತುದಿಯಲ್ಲಿ ನಾನು, ಆಚೆ ತುದಿಯಲ್ಲಿ ಅವನು. ಒಮ್ಮೆ ಅವನು ಮೇಲೆ, ಒಮ್ಮೆ ನಾನು. ಹಿಟ್ಟಿನ ಪೊಟ್ಟಣವನ್ನು ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟಿದ್ದೆ. ನನ್ನ ತುದಿ ಬಂದು ಬೀಳುತ್ತಿದ್ದದ್ದು ಅದೇ ಕಲ್ಲಿಗೆ. ಪಟ್ಟೆಂದು ಬಿತ್ತು.

“ಅಯ್ಯೋ ನನ್ನ ಹಿಟ್ಟು!” ಎಂದು ನಾನು ಕೂಗಿದೆ.

ದೊಡ್ಡಮ್ಮ ಕೋಲು ಹಿಡಿದುಕೊಂಡೇ ಬಂದರು. ಬೆನ್ನಿಗೆ ಬಿತ್ತು ಎಂದುಕೊಂಡೆ. ಅವರು ಬಗ್ಗಿ ಎಲೆ ಬಿಡಿಸಿದರು. ಒಳಗೆ ಹಿಟ್ಟು ದುಂಡಗೆ, ತೆಳ್ಳಗೆ, ಎಲೆಯ ನರದ ಗೆರೆಯೂ ಮೂಡಿ ಕೂತಿತ್ತು.

“ಯಾರು ಇದನ್ನು ಒತ್ತಿದ್ದು?”

“ನಾನಲ್ಲ ದೊಡ್ಡಮ್ಮ, ಹಲಗೆ!”

ದೊಡ್ಡಮ್ಮ ಅದನ್ನು ಸೂರ್ಯನಿಗೆ ಹಿಡಿದರು. ಬೆರಳು ಕಂಡಿತು. “ಇಲ್ಲೇ ಇರಿ” ಎಂದು ಹಿಂದಿನ ಬಾಗಿಲಿಗೆ ಹೋದರು. ಬರುವಾಗ ಸೆರಗಿನಡಿಯಲ್ಲಿ ಇನ್ನೊಂದು ಉಂಡೆ! ನಮ್ಮ ಹಾಗೆಯೇ ಹಾರಿಸಿ ತಂದದ್ದು. “ಹಲಗೆ ಹತ್ತು ಗಿರ್ಜಾ, ಇನ್ನೊಮ್ಮೆ ಕೂತ್ಕೋ.” ನಾನು ಕೂತೆ, ಎದ್ದೆ, ಕೂತೆ. ಆ ಮಧ್ಯಾಹ್ನ ಲಿಲ್ಲಿಬಾಯಿಯ ಹಪ್ಪಳ ಕಾಯಲು ಯಾರೂ ಇರಲಿಲ್ಲ. ಕಾಗೆಗಳಿಗೆ ಹಬ್ಬ.

ಸಂಜೆ ಮನೆಗೆ ಬಂದವರೇ ದೊಡ್ಡಮ್ಮ ಅಮ್ಮನಿಗೆ ಹೇಳಿದರು, “ನಮ್ಮ ಮನೆಗೆ ಈ ವರ್ಷ ಯಾರೂ ಒತ್ತಲಿಕ್ಕೆ ಬರುವುದು ಬೇಡ.”

“ಎಂತ ಅಕ್ಕ ನೀನು! ಮಳೆಗಾಲಕ್ಕೆ ಗಂಜಿಯೊಟ್ಟಿಗೆ ಎಂತ ಸುಡುವುದು? ಎಲ್ಲರ ಮನೆಗೆ ನಾನು ಹೋಗ್ತೇನಲ್ಲ, ನನ್ನ ಎರಡು ಕೈ ಸಾಲದಾ?”

“ನಿನ್ನ ಕೈ ನಿನ್ನ ಪಾಲಿಗೆ. ನನ್ನ ಪಾಲು ನಾನು ಒತ್ತಬೇಕು. ಕಾಗೆ ಓಡಿಸಿದವಳಿಗೆ ಹಪ್ಪಳ ಒತ್ತಿ ಕೊಡುವುದಕ್ಕೆ ಸರದಿ ಅಂತ ಹೇಳುವುದಿಲ್ಲ, ದಾನ ಅಂತ ಹೇಳುವುದು.”

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದೊಡ್ಡಮ್ಮನ ಕಣ್ಣು ಅಟ್ಟದ ಮೇಲಿದ್ದ ಹಳೆಯ ಕಿಟಕಿ ಬಾಗಿಲಿನ ಮೇಲೆ ಇತ್ತು. ಹಲಸಿನ ಮರದ್ದು, ತೆರೆದು ಮುಚ್ಚುವ ಬಿಜಾಗರಿ ಸಮೇತ.

ಮರುದಿನ ಬೆಳಿಗ್ಗೆ ಅದನ್ನು ನನ್ನ ತಲೆಯ ಮೇಲೆ ಹೊರಿಸಿ ಬಡಗಿ ಬಾಬು ಆಚಾರಿಯ ಕೊಟ್ಟಿಗೆಗೆ ಹೋದರು. ಆಚಾರಿಗೆ ದೊಡ್ಡಮ್ಮ ವಿವರಿಸಿದರು: ಕೆಳಗೊಂದು ಹಲಗೆ, ಮೇಲೊಂದು ಹಲಗೆ, ಒಂದು ಬದಿಗೆ ಬಿಜಾಗರಿ, ಇನ್ನೊಂದು ಬದಿಗೆ ಉದ್ದ ಹಿಡಿ. ಪುಸ್ತಕ ಮುಚ್ಚಿದ ಹಾಗೆ ಮುಚ್ಚಬೇಕು.

ಆಚಾರಿ ಎಲೆಯಡಿಕೆ ಉಗಿದು ನಕ್ಕರು. “ಇಷ್ಟು ಸಣ್ಣ ಬಾಗಿಲು ಯಾರ ಮನೆಗೆ ಕಮಲಕ್ಕ? ಇಲಿಗಾ?”

“ಇಲಿಗೆ ಬಾಗಿಲು ಬೇಡ ಆಚಾರಿ. ನಿನ್ನ ಬಾಯಿಗೆ.”

ಆಚಾರಿ ಉಳಿ ತೆಗೆದುಕೊಂಡರು.

ಮಣೆಯನ್ನು ಮನೆಗೆ ತಂದ ಮೇಲೆ ಒತ್ತಿ ನೋಡಲಿಕ್ಕೆ ಹಿಟ್ಟು ಬೇಕಲ್ಲ? ದೊಡ್ಡಮ್ಮ ಗದ್ದೆಯಿಂದ ಜೇಡಿಮಣ್ಣು ತರಿಸಿದರು. ಆಹಾ, ಆ ದಿನಗಳು! ಮಣ್ಣು ನಾದುವುದು ನಾನು, ಉಂಡೆ ಕಟ್ಟುವುದು ವಾಸು, ಒತ್ತುವುದು ದೊಡ್ಡಮ್ಮ. ಮೈಯೆಲ್ಲ ಕೆಸರಾದರೂ ಬಯ್ಯುವವರಿಲ್ಲ. ಅಂಗಳದ ತುಂಬ ಮಣ್ಣಿನ ಹಪ್ಪಳ. ಅಮ್ಮ ಹೊರಗೆ ಬಂದು ನೋಡಿ, “ಅಯ್ಯೋ ದೇವೆರೇ, ಇದನ್ನು ಯಾರಿಗೆ ಬಡಿಸುವುದು?” ಎಂದು ತಲೆಗೆ ಕೈ ಇಟ್ಟರು. “ಅಪ್ಪಿಗೆ” ಎಂದರು ದೊಡ್ಡಮ್ಮ.

ಆದರೆ ಹಪ್ಪಳ ಸರಿ ಬರಲಿಲ್ಲ. ಬಿಜಾಗರಿಯ ಬದಿ ತೀರ ತೆಳುವಾಗಿ ಹರಿಯುತ್ತಿತ್ತು, ಹಿಡಿಯ ಬದಿ ದಪ್ಪ ಉಳಿಯುತ್ತಿತ್ತು. ನೋಡಲು ಬಂದ ಆಚಾರಿ, “ಈಚೆ ದೋಸೆ, ಆಚೆ ಇಡ್ಲಿ” ಎಂದರು. ದೊಡ್ಡಮ್ಮನಿಗೆ ಸಿಟ್ಟು ಬರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿ, ಮುಖವನ್ನು ಮಣೆಯ ಬದಿಗೆ ತಂದು, “ಈಗ ಮುಚ್ಚು ಗಿರ್ಜಾ, ಮೆಲ್ಲ” ಎಂದರು. ನಾನು ಮುಚ್ಚಿದೆ. “ತೆರೆ. ಮುಚ್ಚು.” ಆಮೇಲೆ ಎದ್ದು ಕೂತು ಹೇಳಿದರು, “ಮೇಲಿನ ಹಲಗೆ ಬಿಜಾಗರಿಯ ಹತ್ತಿರ ಮೊದಲೇ ಹೋಗಿ ಕಚ್ಚಿಕೊಳ್ತದೆ. ಹಪ್ಪಳ ಎಷ್ಟು ದಪ್ಪವೋ ಅಷ್ಟು ಎತ್ತರಕ್ಕೆ ಬಿಜಾಗರಿಯನ್ನೇ ಏರಿಸಬೇಕು.”

ಬಿಜಾಗರಿಯ ಅಡಿಗೆ ಏನಿಡುವುದು? ಅಡಿಕೆ ಹಾಳೆಯ ತುಂಡು ಇಟ್ಟರು, ಒತ್ತಿ ಒತ್ತಿ ಅದೇ ಚಪ್ಪಟೆಯಾಯಿತು. ಬಿದಿರಿನ ಚಕ್ಕೆ ಇಟ್ಟರು, ಸೀಳಿತು. ಆಗ ದೊಡ್ಡಮ್ಮನ ಕಣ್ಣು ನನ್ನ ಟಯರಿನ ಮೇಲೆ ಬಿತ್ತು. ಹಳೆಯ ಸೈಕಲ್ ಟಯರು, ಕೋಲಿನಿಂದ ಹೊಡೆದು ಉರುಳಿಸುತ್ತಾ ಓಡುವ ಆಟಕ್ಕೆ. ಇಡೀ ವಠಾರದಲ್ಲಿ ಟಯರು ಇದ್ದ ಹುಡುಗಿ ನಾನೊಬ್ಬಳೇ. ನಾನು ಅದನ್ನು ಎದೆಗೆ ಅಪ್ಪಿಕೊಂಡೆ.

“ಒಂದು ತುಂಡು ಸಾಕು ಮಗಾ.”

“ಒಂದು ತುಂಡು ತೆಗೆದ್ರೆ ಮತ್ತೆ ಅದು ಟಯರಾ?”

ದೊಡ್ಡಮ್ಮ ಕಸಿದುಕೊಳ್ಳಲಿಲ್ಲ. ಸೊಟ್ಟಗೆ ನಿಂತ ಬಲಗೈಯನ್ನು ನನ್ನ ಮುಂದೆ ಹಿಡಿದು, “ಇದು ಕೈಯಾ? ಆದ್ರೂ ನಾನು ಇದರಲ್ಲೇ ಉಣ್ಣುವುದು” ಎಂದರು. ನಾನು ಕೊಟ್ಟೆ. ಅತ್ತುಕೊಂಡೇ ಕೊಟ್ಟೆ. ಟಯರಿನ ತುಂಡು ಬಿಜಾಗರಿಯ ಅಡಿಗೆ ಹೋಯಿತು, ಆಚಾರಿ ಮೊಳೆ ಹೊಡೆದರು. ದೊಡ್ಡಮ್ಮ ಎಡಗೈಯಿಂದ ಹಿಡಿ ಒತ್ತಿದರು. ಎಲೆ ಬಿಡಿಸಿದರೆ ಸುತ್ತ ಒಂದೇ ದಪ್ಪದ ಮಣ್ಣಿನ ಹಪ್ಪಳ! ಆಚಾರಿ ಬಾಗಿ ನೋಡಿ, ಬೆರಳಿನಿಂದ ಅಂಚು ಮುಟ್ಟಿ, “ಕಮಲಕ್ಕ, ನನ್ನ ಹೆಂಡತಿಗೂ ಒಂದು ಮಾಡ್ತೇನೆ” ಎಂದರು. ಆದರೆ ಒತ್ತಿದ್ದು ಬರೀ ಮಣ್ಣು. ಹಿಟ್ಟು ಒತ್ತಬೇಕಿತ್ತು, ಅದೂ ಸರದಿಯಲ್ಲಿ, ನಾಲ್ಕು ಜನರ ಕಣ್ಣ ಮುಂದೆ.

ಅಪ್ಪಿಯಕ್ಕನ ಮನೆಯ ಸರದಿ ಬಂತು. ಅವರ ಮಗಳ ಮದುವೆ ಹತ್ತಿರ ಬಂದಿದ್ದರಿಂದ ಮಾಮೂಲಿಗಿಂತ ಬಹಳ ಹೆಚ್ಚು ಹಪ್ಪಳ ಬೇಕಿತ್ತು. ಆ ದಿನವೇ ಲಿಲ್ಲಿಬಾಯಿ ತಂಗಿಯ ಬಾಣಂತನಕ್ಕೆಂದು ಮೂಡಬಿದಿರೆಗೆ ಹೋಗಿದ್ದರು. ಸರದಿಗೆ ಅಮ್ಮ ಹೋಗಿದ್ದರು, ದೊಡ್ಡಮ್ಮ ಮನೆಯಲ್ಲೇ ಇದ್ದರು. ಮಧ್ಯಾಹ್ನ ತಿರುಗುವಾಗ ಬೆಳ್ತಂಗಡಿ ಕಡೆಯ ಘಟ್ಟದ ಮೇಲೆ ಮೋಡ ಕಪ್ಪಾಯಿತು, ದೂರದಲ್ಲಿ ಗುಡುಗಿತು. ವಾಸು ಓಡಿ ಬಂದು ಹೇಳಿದ: ಒರಳಿನ ತುಂಬ ಹಿಟ್ಟು ಉಂಟು, ಒತ್ತಲಿಕ್ಕೆ ಜನ ಸಾಲದು, ಹಿಟ್ಟು ತಣಿಯುತ್ತಾ ಉಂಟು, ಅಪ್ಪಿಯಕ್ಕ ಎಲ್ಲರಿಗೂ ಬಯ್ಯುತ್ತಿದ್ದಾರೆ.

ದೊಡ್ಡಮ್ಮ ಎದ್ದರು. “ಗಿರ್ಜಾ, ಹೋಗುವ.”

ಮಣೆಯ ಭಾರದ ಬದಿ ಅವರ ಎಡಕಂಕುಳಲ್ಲಿ, ಹಿಡಿಯ ತುದಿ ನನ್ನ ಕೈಯಲ್ಲಿ. ನಾವು ಅಂಗಳಕ್ಕೆ ಕಾಲಿಡುವಾಗ ಹೆಂಗಸರೆಲ್ಲ ತಲೆ ಎತ್ತಿದರು.

“ಎಂತ ಕಮಲಕ್ಕ ಇದು, ಕಿಟಕಿ ಹೊತ್ಕೊಂಡು ಬಂದದ್ದು?” ಎಂದರು ಅಪ್ಪಿಯಕ್ಕ.

“ನಿನ್ನ ಮನೆಗೆ ಗಾಳಿ ಕಡಿಮೆ ಅಂತ ತಂದೆ ಅಪ್ಪೀ. ಹಿಟ್ಟು ಕೊಡು.”

“ತಮಾಷೆ ಮಾಡ್ಬೇಡಿ ಮಾರಾಯ್ರೆ, ಇದು ಮದುವೆಯ ಹಪ್ಪಳ. ಹಾಳಾದ್ರೆ?”

“ಒಂದೇ ಒಂದು ಉಂಡೆ ಕೊಡು. ಹಾಳಾದ್ರೆ ನಾನು ಎದ್ದು ಹೋಗಿ ಅಂಗಳದಲ್ಲಿ ಕೂತು ಕಾಗೆ ಓಡಿಸ್ತೇನೆ. ಇವತ್ತು ಮಾತ್ರ ಅಲ್ಲ, ಬದುಕಿರುವವರೆಗೆ.”

ಅಮ್ಮ ನೆಲ ನೋಡುತ್ತಿದ್ದರು. ನಾನು ಮಣೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ, ಯಾಕೆಂದರೆ ಅದರಲ್ಲಿ ನನ್ನ ಟಯರು ಇತ್ತು. ಅಪ್ಪಿಯಕ್ಕ ಒಂದು ಉಂಡೆ ಕೊಟ್ಟರು. ದೊಡ್ಡಮ್ಮ ಎಲೆಗೆ ಎಣ್ಣೆ ಸವರಿ, ಉಂಡೆ ಇಟ್ಟು, ಮೇಲಿನ ಹಲಗೆ ಮುಚ್ಚಿ, ಎಡಗೈಯನ್ನು ಹಿಡಿಯ ಮೇಲೆ ಇಟ್ಟು ಸುಮ್ಮನೆ ಮುಂದಕ್ಕೆ ಬಾಗಿದರು. ಅಷ್ಟೇ. ತಿರುಗಿಸಲಿಲ್ಲ, ಉಸಿರು ಕಟ್ಟಲಿಲ್ಲ. ತೆರೆದರು.

ಹೊರಗೆ ಕತ್ತಲು ಕವಿದಿತ್ತು, ಬೆಳಕಿಗೆ ಹಿಡಿದು ನೋಡಲು ಸೂರ್ಯನೇ ಇರಲಿಲ್ಲ. ದೊಡ್ಡಮ್ಮ ಎದ್ದು ಒಲೆಯ ಹತ್ತಿರ ಹೋದರು. ಹಪ್ಪಳವನ್ನು ಎಲೆಯಿಂದ ಬಿಡಿಸಿ ಅಂಗೈ ಮೇಲೆ ಹರಡಿ ಉರಿಯ ಎದುರು ಹಿಡಿದರು. ಕೆಂಪಗೆ ಅವರ ಬೆರಳುಗಳೆಲ್ಲ ಕಂಡವು.

“ಹಿಟ್ಟು ತಣಿಯುತ್ತದೆ, ಬಾಯಿ ಮುಚ್ಚಿ ಉಂಡೆ ಕಟ್ಟಿ” ಎಂದರು ದೊಡ್ಡಮ್ಮ. ಬಾಯಿ ತೆರೆದುಕೊಂಡು ಇದ್ದದ್ದು ಎಲ್ಲರೂ.

ಆಮೇಲೆ ನಡೆದದ್ದು ನೋಡಬೇಕಿತ್ತು ನೀವು! ಒಬ್ಬಳು ಉಂಡೆ ಇಡುವುದು, ದೊಡ್ಡಮ್ಮ ಒತ್ತುವುದು, ಇನ್ನೊಬ್ಬಳು ಎಲೆ ಬಿಡಿಸುವುದು, ನಾವು ಮಕ್ಕಳು ಚಾಪೆಗೆ ಸಾಗಿಸುವುದು. ಮಳೆಯ ದಪ್ಪ ಹನಿಗಳು ಅಂಗಳಕ್ಕೆ ಬೀಳುವಾಗ ಕೊನೆಯ ಚಾಪೆಯನ್ನು ಚಾವಡಿಗೆ ಎಳೆದುಕೊಂಡೆವು. ಒರಳು ಖಾಲಿ. ಒಂದು ಅಂಚೂ ಒಡೆದಿರಲಿಲ್ಲ.

ಕಾಫಿ ಕುಡಿಯುವಾಗ ಅಪ್ಪಿಯಕ್ಕ ಮಣೆಯ ಹಿಡಿಯನ್ನು ಎತ್ತಿ ಇಳಿಸಿ ನೋಡಿದರು. ತಾವೇ ಒಂದು ಒತ್ತಿ ನೋಡಿದರು. ಮತ್ತೆ ಗಂಟಲು ಸರಿಮಾಡಿಕೊಂಡು ಹೇಳಿದರು, “ಕಮಲಕ್ಕ, ನಾಡಿದ್ದು ಮೇಲಿನ ಮನೆಯಲ್ಲಿ ಸರದಿ. ಮಣೆ ಕಳಿಸಿಕೊಡಿ ಆಯ್ತಾ?”

ದೊಡ್ಡಮ್ಮ ಲೋಟ ಕೆಳಗಿಟ್ಟರು.

“ಮಣೆ ಮಾತ್ರ ಬರುವುದಿಲ್ಲ ಅಪ್ಪೀ. ಅದರೊಟ್ಟಿಗೆ ನಾನೂ ಬರ್ತೇನೆ.”

ಅಪ್ಪಿಯಕ್ಕ ಜೋರಾಗಿ ನಕ್ಕುಬಿಟ್ಟರು. “ಬನ್ನಿ ಮಾರಾಯ್ರೆ, ಯಾರು ಬೇಡ ಹೇಳಿದ್ದು! ಕಾಗೆ ನೋಡಲಿಕ್ಕೆ ನಾನು ಕೂತ್ಕೊಳ್ತೇನೆ.” ಅದರ ಮಾರನೆಯ ವಾರ ನಮ್ಮ ಮನೆಯ ಸರದಿ ಆಯಿತು. ಅಪ್ಪಿಯಕ್ಕನೇ ಮೊದಲು ಬಂದರು.

ಬಾಬು ಆಚಾರಿ ಆಮೇಲೆ ಎಷ್ಟು ಮಣೆ ಮಾಡಿದರೋ! ನಮ್ಮ ಕಡೆ ಅದಕ್ಕೆ ಕಮಲಕ್ಕನ ಮಣೆ ಎಂದೇ ಹೆಸರು. ಅಳದಂಗಡಿಗೆ, ಮುಂಡಾಜೆಗೆ ಮದುವೆಯಾಗಿ ಹೋದ ಹುಡುಗಿಯರು ಪಾತ್ರೆಯ ಜೊತೆ ಒಂದು ಮಣೆಯನ್ನೂ ತೆಗೆದುಕೊಂಡು ಹೋದರು. ಬಹಳ ವರ್ಷದ ಮೇಲೆ ಬಂಟ್ವಾಳದ ಅಂಗಡಿಯೊಂದರಲ್ಲಿ ಅಂಥದೇ ಕಬ್ಬಿಣದ್ದು ನೇತುಹಾಕಿದ್ದನ್ನು ನಾನೂ ದೊಡ್ಡಮ್ಮನೂ ನೋಡಿದೆವು. ದೊಡ್ಡಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, “ಹಿಡಿ ಗಿಡ್ಡ ಆಯ್ತು” ಎಂದು ವಾಪಸು ಕೊಟ್ಟರು. ಬೇರೆ ಊರಿನಲ್ಲಿ ಬೇರೆ ಯಾರದೋ ದೊಡ್ಡಮ್ಮ ಇದನ್ನೇ ಕಂಡುಹಿಡಿದಿರಬಹುದು, ನಾನು ಇಲ್ಲ ಎನ್ನುವುದಿಲ್ಲ. ಅವರ ಹೊಟ್ಟೆಯೂ ತಣ್ಣಗಿರಲಿ. ನಮ್ಮ ವಠಾರದಲ್ಲಿ ಕಂಡುಹಿಡಿದದ್ದು ನಮ್ಮ ದೊಡ್ಡಮ್ಮ, ಅದಕ್ಕೆ ಟಯರು ಕೊಟ್ಟದ್ದು ನಾನು.

ಈಗ ಸಂತೋಷದ ಕಾರಣ ಹೇಳುತ್ತೇನೆ. ನನ್ನ ಮೊಮ್ಮಗಳು ಧನ್ಯಾ ಮೂಡಬಿದಿರೆಯಲ್ಲಿ ಏಳನೇ ಕ್ಲಾಸು. ನಾನು ಕಲಿತದ್ದಕ್ಕಿಂತ ಎರಡು ಕ್ಲಾಸು ಹೆಚ್ಚು ಈಗಾಗಲೇ ಕಲಿತಾಗಿದೆ. ಅವಳ ಶಾಲೆಯಲ್ಲಿ ಹೊಸ ವಸ್ತು ಕಂಡುಹಿಡಿದ ಹೆಂಗಸರ ಬಗ್ಗೆ ಒಂದು ಪ್ರದರ್ಶನ. ಕಾರಿನ ಗಾಜಿನ ಮೇಲೆ ಮಳೆನೀರು ಒರೆಸುವ ಕಡ್ಡಿ ಒಬ್ಬಳು ಹೆಂಗಸಿನ ತಲೆಯಿಂದ ಬಂದದ್ದಂತೆ, ಪಾತ್ರೆ ತೊಳೆಯುವ ಯಂತ್ರ ಇನ್ನೊಬ್ಬಳದಂತೆ. ಚಿತ್ರಗಳನ್ನು ಅಂಟಿಸುತ್ತಾ ಅವಳು ಕೇಳಿದಳು, “ಎಲ್ಲ ಫಾರಿನ್‌ನವರೇ ಅಜ್ಜಿ. ನಮ್ಮ ಊರಿನವರು ಒಬ್ಬರೂ ಇಲ್ವಾ?”

“ಇಲ್ಲದೆ ಎಂತ? ಅಟ್ಟದಲ್ಲಿ ಉಂಟು, ಏಣಿ ಇಡು!”

ಮಣೆ ಇಳಿಯಿತು. ಬಿಜಾಗರಿ ತುಕ್ಕು ಹಿಡಿದಿತ್ತು, ಟಯರಿನ ತುಂಡು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಲಗೆ ಮಾತ್ರ ಎಣ್ಣೆ ಕುಡಿದು ಕುಡಿದು ಇನ್ನೂ ಮಿರಿಮಿರಿ. ಶಾಲೆಯ ಮೇಜಿನ ಮೇಲೆ, ಆ ಪರದೇಶದ ಹೆಂಗಸರ ಪಕ್ಕದಲ್ಲಿ ಅದನ್ನು ಇಟ್ಟು, ಧನ್ಯಾ ತನ್ನ ಚಂದದ ಅಕ್ಷರದಲ್ಲಿ ಬರೆದಳು: ಕಮಲ, ವಾಮದಪದವು. ನಾನು ಆ ಎರಡು ಶಬ್ದವನ್ನು ಓದಿದ್ದೇ ಓದಿದ್ದು.

ಆ ಸರದಿ ಮಾತ್ರ ಈಗ ಇಲ್ಲ. ನಿಲ್ಲಿಸಿದವರು ಯಾರೂ ಅಲ್ಲ, ಮಣೆಯೇ ನಿಲ್ಲಿಸಿತು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಮನೆಮನೆಗೆ ಮಣೆ ಬಂದ ಮೇಲೆ ಒಬ್ಬಳಿಂದಲೇ ಆಗುತ್ತದೆ ಎಂದಾಯಿತು. ಒಬ್ಬಳಿಂದಲೇ ಆಗುತ್ತದೆ ಎಂದಾದ ಮೇಲೆ ಯಾರೂ ಯಾರ ಮನೆಗೂ ಹೋಗಲಿಲ್ಲ. ಆಮೇಲೆ ಒಬ್ಬಳೇ ಕೂತು ಒತ್ತುವುದೂ ಬೇಜಾರಾಗಿ ಪ್ಯಾಕೆಟಿನ ಹಪ್ಪಳ ಬಂತು. ಸರದಿಯಲ್ಲಿ ಜಾಗ ಸಿಗಲಿ ಎಂದು ದೊಡ್ಡಮ್ಮ ಮಾಡಿದ ಮಣೆ ಅದು. ಮಣೆ ಉಳಿಯಿತು, ಕೂರುವ ಜಾಗ ಹೋಯಿತು. ಲಿಲ್ಲಿಬಾಯಿಯ ಅಂಗಳಕ್ಕೆ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದಾರೆ, ಕಾಗೆಗಳು ಕೂಡ ಎಲ್ಲಿಗೋ ಹೋಗಿವೆ.

ಪ್ರದರ್ಶನ ಮುಗಿದ ದಿನ ಧನ್ಯಾಳ ಟೀಚರು ಕೈಮುಗಿದು ಕೇಳಿದರು, “ಅಮ್ಮಾ, ಇದನ್ನು ಶಾಲೆಯಲ್ಲೇ ಗಾಜಿನ ಕಪಾಟಿನಲ್ಲಿ ಇಡುವನಾ? ಮಣೆ ಕೊಡ್ತೀರಾ?”

ನನ್ನ ಬಾಯಿಗೆ ಉತ್ತರ ತಾನಾಗಿಯೇ ಬಂತು. “ಮಣೆ ಮಾತ್ರ ಬರುವುದಿಲ್ಲ ಟೀಚರೇ. ಅದರೊಟ್ಟಿಗೆ ನಾನೂ ಬರ್ತೇನೆ.”

ಹಾಗೆ ಈ ಬೇಸಿಗೆ, ಶಾಲೆಗೆ ರಜೆ ಸಿಗುವ ಮೊದಲು, ಶಾಲೆಯ ಅಂಗಳದಲ್ಲೇ ಒಲೆ ಹೂಡಿ ಸೊಳೆ ಬೇಯಿಸಿದೆವು. ಹುಡುಗರೂ ಹುಡುಗಿಯರೂ ಒನಕೆಗೆ ಜಗಳಾಡಿದರು. ಒಬ್ಬಳು ಮೆಲ್ಲನೆ ಒಂದು ಉಂಡೆ ಬಾಯಿಗೆ ಹಾಕಿಕೊಂಡದ್ದು ನನಗೆ ಕಂಡಿತು, ಕಾಣದವಳ ಹಾಗೆ ಕೂತೆ. ಧನ್ಯಾ ಹಿಡಿ ಒತ್ತಿ, ಎಲೆ ಬಿಡಿಸಿ, ತನ್ನ ಮೊದಲ ಹಪ್ಪಳವನ್ನು ಆಕಾಶಕ್ಕೆ ಎತ್ತಿ ಹಿಡಿದಳು.

“ಅಜ್ಜಿ, ಬೆರಳು ಕಾಣ್ತದಾ?”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ದೊಡ್ಡಮ್ಮನ ಹಪ್ಪಳದಷ್ಟು ತೆಳು ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

“ಸ್ವಲ್ಪ ಮಸುಕು ಉಂಟು ಮಗಾ,” ಎಂದೆ. “ಹಿಟ್ಟು ತಣಿಯುವ ಮೊದಲು ಇನ್ನೊಂದು ಒತ್ತು.”